ನಿಮ್ಮದೇ ಹಣ ಹೊರಡಿಸುವ ಮುನ್ನ: ಲೆಕ್ಕ ಬರೆಯುವವಳ ಕಿವಿಮಾತು

ಊರೊಳಗೆ, ಒಪ್ಪಿಕೊಂಡವರ ನಡುವೆ ಮಾತ್ರ ನಡೆಯುವ ಸಮುದಾಯ ಹಣ ಹೊರಡಿಸಬೇಕೆಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ನೋಟಿನ ಚಿತ್ರ ಹಿಡಿದುಕೊಂಡೇ ಬರುತ್ತಾರೆ. ಚಿತ್ರ ಚೆಂದವಾಗಿಯೇ ಇರುತ್ತದೆ: ಒಂದು ಹಕ್ಕಿ, ಒಂದು ಹಳೆಯ ಸೇತುವೆ, ಅಂಚಿಗೆ ಬಳ್ಳಿ. ನಾನು ಕಾಗದ ಮಗುಚಿ, ಹಿಂಬದಿಯಲ್ಲಿ ಏನು ಅಚ್ಚಾಗುತ್ತದೆ ಎಂದು ಕೇಳುತ್ತೇನೆ. ಅದನ್ನು ಯಾರೂ ಯೋಚಿಸಿರುವುದಿಲ್ಲ. ವಕೀಲರು, ತೆರಿಗೆ ಅಧಿಕಾರಿಗಳು, ಕೇಂದ್ರ ಬ್ಯಾಂಕಿನವರು ಓದುವುದು ಆ ಹಿಂಬದಿಯನ್ನೇ. ನಿಮ್ಮ ಹಕ್ಕಿ ಸರ್ಕಾರಿ ನೋಟಿನ ಹಕ್ಕಿಯ ತದ್ರೂಪವಾಗಿದ್ದರೆ ಮಾತ್ರ ಅವರು ಮುಂಬದಿಗೂ ಕಣ್ಣು ಹಾಯಿಸುತ್ತಾರೆ.

ಸಣ್ಣ ಸಹಕಾರಿ ಸಂಘಗಳ, ವಿನಿಮಯ ಕೂಟಗಳ ಲೆಕ್ಕಪುಸ್ತಕ ಬರೆಯುವುದು, ತಾಳೆ ನೋಡುವುದು ನನ್ನ ಕಸುಬು. ವಕೀಲೆಯಲ್ಲ. ವಕೀಲರ ಬಾಗಿಲು ತಟ್ಟುವ ಮೊದಲು ನೀವೇ ಕುಳಿತು ಮಾಡಬೇಕಾದ ಕೆಲಸವನ್ನು ಇಲ್ಲಿ ಬರೆದಿದ್ದೇನೆ. ಇಷ್ಟನ್ನು ಮಾಡಿಕೊಂಡು ಹೋದರೆ ಅವರ ಶುಲ್ಕವೂ ಇಳಿಯುತ್ತದೆ, ಅವರ ಉತ್ತರವೂ ಸ್ಪಷ್ಟವಾಗುತ್ತದೆ.

ಎಲ್ಲಕ್ಕೂ ಅಡಿಪಾಯವಾದ ಪ್ರಶ್ನೆ ಒಂದೇ: ಈ ಚೀಟಿಯಲ್ಲಿ ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆ? ‘ತಂದವರಿಗೆ ನಗದು ಕೊಡುತ್ತೇವೆ’ ಎಂಬುದು ಒಂದು ಮಾತು. ‘ತಂದವರ ಸೈಕಲ್ ರಿಪೇರಿ ಮಾಡಿಕೊಡುತ್ತೇವೆ’ ಎಂಬುದು ಬೇರೆಯೇ ಮಾತು. ಕಾಗದ ಒಂದೇ, ಶಾಯಿ ಒಂದೇ, ಕಾನೂನಿನ ಕಣ್ಣಿಗೆ ಮಾತ್ರ ಇವೆರಡಕ್ಕೂ ಸಂಬಂಧವಿಲ್ಲ. ಜನ ನಿಮ್ಮ ಚೀಟಿಯನ್ನು ಇಷ್ಟಪಡುತ್ತಾರೋ ಡ್ರಾಯರಿನಲ್ಲಿ ಮರೆಯುತ್ತಾರೋ ಎಂಬುದೂ ಅದೇ ಮಾತಿನ ಮೇಲೆ ನಿಂತಿದೆ.

ಮೊದಲು ಬಾಣ ಎಳೆಯಿರಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಚೀಟಿಯನ್ನು ಸ್ವೀಕರಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಿದವರ ಹೆಸರುಗಳನ್ನು ಸುತ್ತಲೂ ಬರೆಯಿರಿ. ‘ಒಪ್ಪಬಹುದು’ ಎಂದವರನ್ನು ಬರೆಯಬೇಡಿ. ಈಗ ಪ್ರತಿಯೊಬ್ಬರೂ ಕಳೆದ ತಿಂಗಳು ಉಳಿದವರಲ್ಲಿ ಯಾರಿಂದ ಏನು ಕೊಂಡಿದ್ದಾರೆ ಎಂದು ಕೇಳಿ, ಕೊಂಡವರಿಂದ ಮಾರಿದವರ ಕಡೆಗೆ ಬಾಣ ಎಳೆಯಿರಿ. ಅರ್ಧ ದಿನದ ಕೆಲಸ. ಅನೇಕ ಯೋಜನೆಗಳು ಈ ಹಾಳೆಯ ಮೇಲೆಯೇ ಸತ್ತಿವೆ. ಮುದ್ರಣದ ಖರ್ಚಾದ ಮೇಲೆ ಸಾಯುವುದಕ್ಕಿಂತ ಅದು ಒಳ್ಳೆಯದು.

ಹಾಳೆಯಲ್ಲಿ ನೋಡಬೇಕಾದದ್ದು ಬಾಣಗಳು ಒಳಗೆ ಬಂದು ಹೊರಗೆ ಹೋಗದಿರುವ ಹೆಸರು. ಸಾಮಾನ್ಯವಾಗಿ ಅದು ದಿನಬಳಕೆಯ ಸಾಮಾನು ಮಾರುವವರ ಹೆಸರು. ಎಲ್ಲರೂ ಅವರಲ್ಲಿ ಕೊಳ್ಳುತ್ತಾರೆ, ಅವರು ಮಾತ್ರ ದೂರದ ಸಗಟು ವ್ಯಾಪಾರಿಯಿಂದ ತರಿಸುತ್ತಾರೆ. ಆ ಸಗಟು ವ್ಯಾಪಾರಿಗೆ ನಿಮ್ಮ ಹಕ್ಕಿಯ ಪರಿಚಯವಿಲ್ಲ. ಎರಡನೆಯ ತಿಂಗಳಿಗೆ ಚೀಟಿಗಳೆಲ್ಲ ಅವರ ಗಲ್ಲಾಪೆಟ್ಟಿಗೆಯಲ್ಲಿ ಗುಡ್ಡೆಯಾಗುತ್ತವೆ, ಮೂರನೆಯ ತಿಂಗಳು ‘ಇಲ್ಲಿ ನಡೆಯುವುದಿಲ್ಲ’ ಎಂಬ ಫಲಕ ಬೀಳುತ್ತದೆ. ಹೊರಹೋಗುವ ದಾರಿ ನೋಡದೆ ಚೀಟಿ ಹಂಚುವುದು ಬಚ್ಚಲಿಲ್ಲದ ಮನೆಗೆ ನಲ್ಲಿ ಹಾಕಿಸಿದಂತೆ.

ದಾರಿ ಹುಡುಕಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್ ಪೌಂಡ್ 2012ರಲ್ಲಿ ಶುರುವಾದಾಗ ನಗರಾಡಳಿತವೇ ಅದನ್ನು ಸ್ಥಳೀಯ ತೆರಿಗೆಗೆ ಸ್ವೀಕರಿಸಲು ಒಪ್ಪಿತು. ಆಗಿನ ಮೇಯರ್ ಜಾರ್ಜ್ ಫರ್ಗುಸನ್ ತಮ್ಮ ಪೂರ್ತಿ ಸಂಬಳವನ್ನು ಅದರಲ್ಲೇ ಪಡೆದದ್ದು ಸುದ್ದಿಯಾಯಿತು. ನನಗೆ ಆ ಸಂಬಳದ ಸುದ್ದಿಗಿಂತ ತೆರಿಗೆಯ ಸುದ್ದಿ ದೊಡ್ಡದು. ಎಲ್ಲೂ ಖರ್ಚಾಗದ ಚೀಟಿಯನ್ನು ವ್ಯಾಪಾರಿ ಕೊನೆಗೆ ತೆರಿಗೆಯಾಗಿಯಾದರೂ ಕಟ್ಟಬಹುದು ಎಂದಾದರೆ, ತೆಗೆದುಕೊಳ್ಳುವಾಗ ಅವರ ಕೈ ಅಳುಕುವುದಿಲ್ಲ. ನಗರಾಡಳಿತ ನಿಮ್ಮ ಕೈಗೆ ಸಿಗದಿದ್ದರೆ ಗ್ರಂಥಾಲಯದ ಸದಸ್ಯತ್ವ, ಸಭಾಂಗಣದ ಬಾಡಿಗೆ, ಸಂಘದ ವಾರ್ಷಿಕ ಚಂದಾ ಹೀಗೆ ಎಲ್ಲರೂ ಕಟ್ಟಲೇಬೇಕಾದ ಯಾವುದಾದರೊಂದು ಶುಲ್ಕ ಹುಡುಕಿ.

ಚೀಟಿ ಗುಡ್ಡೆಯಾಗುವುದಕ್ಕೆ ಅಂಗಡಿಯೇ ಬೇಕಾಗಿಲ್ಲ. ಅಮೆರಿಕದ ವಾಷಿಂಗ್ಟನ್‌ನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ದಂಪತಿಗಳು ಪರಸ್ಪರ ಮಕ್ಕಳನ್ನು ನೋಡಿಕೊಳ್ಳುವ ಕೂಟ ಕಟ್ಟಿಕೊಂಡಿದ್ದರು, ಗಂಟೆಯ ಲೆಕ್ಕಕ್ಕೆ ಚೀಟಿ. ಸದಸ್ಯರಾಗಿದ್ದ ಜೋನ್ ಮತ್ತು ರಿಚರ್ಡ್ ಸ್ವೀನಿ 1977ರಲ್ಲಿ ಅದರ ಕಥೆ ಬರೆದರು. ಮುಂದೆಂದಾದರೂ ಬೇಕಾದೀತು ಎಂದು ಎಲ್ಲರೂ ಚೀಟಿ ಕೂಡಿಡತೊಡಗಿದರು. ಯಾರೂ ಮನೆಯಿಂದ ಹೊರಗೆ ಹೋಗುವುದಿಲ್ಲ, ಹಾಗಾಗಿ ಯಾರಿಗೂ ಮಗು ನೋಡಿಕೊಂಡು ಗಳಿಸುವ ಅವಕಾಶವಿಲ್ಲ. ಆಲಸ್ಯವಾಗಲೀ ಜಗಳವಾಗಲೀ ಕಾರಣವಾಗಿರಲಿಲ್ಲ, ಚಲಾವಣೆಯಲ್ಲಿದ್ದ ಚೀಟಿ ಸಾಲದಾಗಿತ್ತು. ಹೆಚ್ಚು ಚೀಟಿ ಹಂಚಿದಾಗ ಕೂಟ ಚೇತರಿಸಿಕೊಂಡಿತು. ಆಮೇಲೆ ಅದೇ ಉತ್ಸಾಹದಲ್ಲಿ ಹೆಚ್ಚಾಗಿ ಹಂಚಿ ತದ್ವಿರುದ್ಧ ತೊಂದರೆ ತಂದುಕೊಂಡರು.

ಯಾವ ಬಗೆಯ ಹಣ?

ನಾಲ್ಕು ಬಗೆಗಳಿವೆ. ನಿಮ್ಮದು ಯಾವುದು ಎಂದು ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ಮುಂದೆ ಹೋಗಬೇಡಿ.

ಒಂದು, ನಗದು ಕೊಟ್ಟು ಕೊಳ್ಳುವ ಚೀಟಿ. ಸದಸ್ಯರು ರಾಷ್ಟ್ರೀಯ ಹಣ ಕೊಟ್ಟು ಅಷ್ಟೇ ಅಥವಾ ತುಸು ಹೆಚ್ಚು ಮುಖಬೆಲೆಯ ಸ್ಥಳೀಯ ಚೀಟಿ ಪಡೆಯುತ್ತಾರೆ, ಕೊಟ್ಟ ಹಣ ಇಡುಗಂಟಾಗಿ ಬ್ಯಾಂಕಿನಲ್ಲಿ ಕೂರುತ್ತದೆ. 2006ರಲ್ಲಿ ಮ್ಯಾಸಚೂಸೆಟ್ಸ್‌ನ ಬರ್ಕ್‌ಶೈರ್ ಪ್ರದೇಶದಲ್ಲಿ ಬಂದ ಬರ್ಕ್‌ಶೇರ್ಸ್ ಹೀಗೆ. ಆರಂಭದಲ್ಲಿ 90 ಡಾಲರ್ ಕೊಟ್ಟರೆ 100 ಬರ್ಕ್‌ಶೇರ್ ಸಿಗುತ್ತಿತ್ತು, ಮರಳಿ ಡಾಲರ್ ಮಾಡಿಸಿಕೊಂಡವರಿಗೆ 10 ಪ್ರತಿಶತ ಕಡಿತ. ಜರ್ಮನಿಯ ಬವೇರಿಯಾದಲ್ಲಿ 2003ರಲ್ಲಿ ಒಂದು ಶಾಲೆಯ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಕೀಮ್‌ಗಾವರ್‌ನಲ್ಲಿಯೂ ವ್ಯಾಪಾರಿ ಮರಳಿ ಯೂರೋ ಪಡೆಯುವಾಗ 5 ಪ್ರತಿಶತ ಬಿಡಬೇಕಿತ್ತು. ಅದರಲ್ಲಿ 3 ಪ್ರತಿಶತ ಗ್ರಾಹಕರು ಆರಿಸಿದ ಸ್ಥಳೀಯ ಸಂಘ ಸಂಸ್ಥೆಗೆ, 2 ಪ್ರತಿಶತ ನಿರ್ವಹಣೆಗೆ. ಈ ವಟ್ಟವೇ ಚೀಟಿಯನ್ನು ಬೇಗ ನಗದಾಗಿಸದಂತೆ ತಡೆಯುವ ಸಣ್ಣ ಮುಳ್ಳು.

ಎರಡು, ಪರಸ್ಪರ ಸಾಲದ ಲೆಕ್ಕ. ಇಲ್ಲಿ ಚೀಟಿಯೇ ಬೇಡ, ಪುಸ್ತಕ ಸಾಕು: ಕೆಲಸ ಮಾಡಿಕೊಟ್ಟವರ ಹೆಸರಿಗೆ ಜಮಾ, ಮಾಡಿಸಿಕೊಂಡವರ ಹೆಸರಿಗೆ ಬಾಕಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೈಕೆಲ್ ಲಿಂಟನ್ 1983ರಲ್ಲಿ ಶುರುಮಾಡಿದ ಲೆಟ್ಸ್ ಪದ್ಧತಿ ಇದು. ಅದಕ್ಕಿಂತ ಎಷ್ಟೋ ಮೊದಲು, 1934ರಲ್ಲಿ, ಸ್ವಿಟ್ಜರ್ಲೆಂಡಿನ ಸಣ್ಣ ಉದ್ಯಮಿಗಳು ವೀರ್ ಎಂಬ ಸಹಕಾರಿ ಕೂಟ ಕಟ್ಟಿದರು. ಅದು ಎರಡೇ ವರ್ಷಗಳಲ್ಲಿ ಬ್ಯಾಂಕಿಂಗ್ ಪರವಾನಗಿ ಪಡೆದು, ಈಗಲೂ ಬ್ಯಾಂಕಾಗಿ ನಡೆಯುತ್ತಿದೆ.

ಮೂರು, ಸಮಯದ ಲೆಕ್ಕ. ವೈದ್ಯರ ಒಂದು ಗಂಟೆಯೂ ತೋಟ ಕಳೆ ಕೀಳುವವರ ಒಂದು ಗಂಟೆಯೂ ಸಮ. ಅಮೆರಿಕದಲ್ಲಿ ಎಡ್ಗರ್ ಕಾನ್ 1980ರ ದಶಕದಲ್ಲಿ ಇದನ್ನು ಬೆಳೆಸಿದರು.

ನಾಲ್ಕು, ಬೆನ್ನಿಗೆ ನಗದಿಲ್ಲದೆ ಸಂಘವೇ ಮುದ್ರಿಸಿ ಹಂಚುವ ಚೀಟಿ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಪಾಲ್ ಗ್ಲೋವರ್ 1991ರಲ್ಲಿ ತಂದ ಇಥಾಕಾ ಅವರ್ಸ್ ಈ ಜಾತಿಯದು, ಒಂದು ಅವರ್ ಎಂದರೆ 10 ಡಾಲರ್ ಎಂದು ಎಣಿಕೆ. ಅರ್ಜೆಂಟೀನಾದ ವಿನಿಮಯ ಕೂಟಗಳೂ ಇದೇ ದಾರಿ ಹಿಡಿದವು. 1995ರಲ್ಲಿ ಬರ್ನಾಲ್ ಎಂಬಲ್ಲಿ ಬೆರಳೆಣಿಕೆಯ ಜನರಿಂದ ಶುರುವಾದದ್ದು ಆರ್ಥಿಕ ಕುಸಿತದ ಕಾಲಕ್ಕೆ ದೇಶವೆಲ್ಲ ಹಬ್ಬಿತು. ಮಿತಿಯಿಲ್ಲದ ಮುದ್ರಣ ಮತ್ತು ಖೋಟಾ ಚೀಟಿಗಳ ಹಾವಳಿಯಿಂದ 2002ರಲ್ಲಿ ನೆಲಕಚ್ಚಿತು. ಈ ನಾಲ್ಕನೆಯ ಬಗೆಯನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮುದ್ರಿಸುವ ಕೈಗೆ ಕಡಿವಾಣ ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ಸಾಹಿಗಳ ಕೂಟಗಳಲ್ಲಿ ಉತ್ತರ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ನನ್ನ ಒಲವು ಎರಡನೆಯದರ ಕಡೆಗಿದೆ, ಮರೆಮಾಚುವುದಿಲ್ಲ. ನಗದು ಕೊಟ್ಟು ಕೊಳ್ಳುವ ಚೀಟಿಯಿಂದ ಊರಿಗೆ ಹೊಸದಾಗಿ ಒಂದು ಪೈಸೆಯೂ ಹುಟ್ಟುವುದಿಲ್ಲ. ಜೇಬಿನಲ್ಲಿ ಹಣವಿದ್ದವರೇ ಅದನ್ನು ಕೊಳ್ಳಬೇಕು. ಅದು ಅಭಿಮಾನ, ಜಾಹೀರಾತು, ಸ್ಥಳೀಯ ವ್ಯಾಪಾರದ ಕಡೆಗೆ ಒಂದು ತಳ್ಳು. ಕೆಟ್ಟದ್ದೇನಲ್ಲ, ಆದರೆ ‘ಸ್ಥಳೀಯವಾಗಿ ಹಣ ಇಷ್ಟು ಪಟ್ಟು ಸುತ್ತುತ್ತದೆ’ ಎಂದು ಕರಪತ್ರದಲ್ಲಿ ಅಂಕಿ ಹಾಕುವವರನ್ನು ಕಂಡರೆ ಆ ಅಂಕಿಯ ಲೆಕ್ಕ ತೋರಿಸಿ ಎನ್ನುತ್ತೇನೆ. ಪರಸ್ಪರ ಸಾಲದ ಪುಸ್ತಕ ಬೇರೆ. ಕೌಶಲವಿದ್ದು, ಸಮಯವಿದ್ದು, ನಗದು ಮಾತ್ರ ಇಲ್ಲದವರಿಗೆ ಅದು ನಿಜವಾಗಿ ಸಾಲ ಹುಟ್ಟಿಸಿಕೊಡುತ್ತದೆ. ದೇಶದ ಆರ್ಥಿಕತೆ ಕುಗ್ಗಿದಾಗ ವೀರ್‌ನ ವಹಿವಾಟು ಹಿಗ್ಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಸ್ಟಾಡರ್ ಅಂಕಿಅಂಶಗಳಿಂದ ತೋರಿಸಿದ್ದಾರೆ. ಬ್ಯಾಂಕುಗಳು ಕೈಬಿಗಿ ಮಾಡುವ ಹೊತ್ತಿಗೆ ಉದ್ಯಮಿಗಳು ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುತ್ತಾರೆ.

ಸಮಯದ ಕೂಟದ ಸೊಗಸು ಬೇರೆ ತರಹದ್ದು. ನಾನು ಪುಸ್ತಕ ನೋಡಿಕೊಳ್ಳುವ ಒಂದು ಕೂಟದಲ್ಲಿ ಗಡಿಯಾರ ರಿಪೇರಿ ಮಾಡುವ ನಿವೃತ್ತರೊಬ್ಬರಿದ್ದಾರೆ. ಗಂಟೆಗಟ್ಟಲೆ ಗಳಿಸಿದರು, ಒಂದನ್ನೂ ಖರ್ಚು ಮಾಡಲಿಲ್ಲ. ಸಹಾಯ ಕೇಳುವುದೆಂದರೆ ಅವರಿಗೆ ಸಂಕೋಚ. ನಿಮ್ಮ ಜಮಾ ಹೀಗೆ ಕೊಳೆಯುತ್ತಿದ್ದರೆ ನನ್ನ ತಾಳೆಪಟ್ಟಿ ಚೆನ್ನಾಗಿ ಕಾಣುವುದಿಲ್ಲ, ದಯವಿಟ್ಟು ಏನಾದರೂ ಕೇಳಿ ಎಂದು ನಾನು ಫೋನ್ ಮಾಡುತ್ತಲೇ ಇದ್ದೆ. ಕೊನೆಗೆ ಕಣ್ಣು ಮಂಜಾದ ಕಾರಣಕ್ಕೆ ದಿನಪತ್ರಿಕೆ ಓದಿ ಹೇಳಲು ಒಬ್ಬರನ್ನು ಕರೆಸಿಕೊಂಡರು. ಧರ್ಮಕ್ಕೆ ಬೇಡುವುದಕ್ಕೂ ಜಮಾದಿಂದ ಕಳೆಯುವುದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ಅನ್ನಿಸಬೇಕಿತ್ತು. ಸಮಯದ ಕೂಟ ನಡೆಸುವವರು ತಿಳಿದಿರಲಿ: ಕೊಡುವವರು ತಾವಾಗಿ ಬರುತ್ತಾರೆ, ಕೇಳುವವರನ್ನು ಹುಡುಕುವುದೇ ಕೆಲಸ.

ಕಾನೂನು ಎಲ್ಲಿ ಹಿಡಿಯುತ್ತದೆ

‘ಇದು ಕಾನೂನುಬದ್ಧವೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದರೆ ಹಿಡಿಯುವ ಜಾಗಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಅವೇ.

ಮೊದಲನೆಯದು ನೋಟು ಹೊರಡಿಸುವ ಏಕಸ್ವಾಮ್ಯ. ಆಸ್ಟ್ರಿಯಾದ ವೋರ್ಗ್ಲ್ ಪಟ್ಟಣದ ಕಥೆ ಎಲ್ಲರೂ ಹೇಳುತ್ತಾರೆ, ಅದರ ಕೊನೆಯನ್ನು ಮಾತ್ರ ಬಿಟ್ಟು ಹೇಳುತ್ತಾರೆ. ಮೇಯರ್ ಮಿಖಾಯೆಲ್ ಉಂಟರ್‌ಗುಗ್ಗೆನ್‌ಬರ್ಗರ್ 1932ರ ಜುಲೈಯಲ್ಲಿ ಪಟ್ಟಣದ ಕೆಲಸಗಾರರಿಗೆ ಕೂಲಿಯಾಗಿ ಸ್ಥಳೀಯ ಚೀಟಿ ಕೊಟ್ಟರು. ಪ್ರತಿ ತಿಂಗಳು ಮುಖಬೆಲೆಯ 1 ಪ್ರತಿಶತದ ಸ್ಟಾಂಪು ಅಂಟಿಸದಿದ್ದರೆ ಚೀಟಿ ಸಲ್ಲುತ್ತಿರಲಿಲ್ಲ. ಜನ ಬೇಗ ಬೇಗ ಖರ್ಚು ಮಾಡಿದರು, ಬಾಕಿ ತೆರಿಗೆ ಕಟ್ಟಿದರು, ರಸ್ತೆಗಳಾದವು. 1933ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ರಾಷ್ಟ್ರೀಯ ಬ್ಯಾಂಕಿನ ವಿರೋಧದಿಂದ ಅದು ನಿಂತಿತು. ಪ್ರಯೋಗ ಸೋತದ್ದಕ್ಕಲ್ಲ, ನೋಟು ಹೊರಡಿಸುವುದು ತನ್ನೊಬ್ಬನ ಹಕ್ಕು ಎಂಬ ಕಾರಣಕ್ಕೆ. ಯಶಸ್ಸು ಕಾನೂನಿನ ರಕ್ಷಣೆ ಅಲ್ಲ. ಸಣ್ಣದಾಗಿದ್ದಾಗ ಕಣ್ಣಿಗೆ ಬೀಳದ್ದು ಗೆದ್ದಾಗಲೇ ಕಣ್ಣಿಗೆ ಬೀಳುತ್ತದೆ.

ಎರಡನೆಯದು ‘ತಂದವರಿಗೆ, ಕೇಳಿದ ಕೂಡಲೇ, ಹಣ’ ಎಂಬ ಮೂರು ಪದಗಳ ಜೋಡಣೆ. ಭಾರತದ ರಿಸರ್ವ್ ಬ್ಯಾಂಕ್ ಕಾಯಿದೆ, 1934ರ 31ನೆಯ ಸೆಕ್ಷನ್ ಇದಕ್ಕೆ ಒಳ್ಳೆಯ ಮಾದರಿ. ತಂದವರಿಗೆ ಕೇಳಿದ ಕೂಡಲೇ ಹಣ ಕೊಡುತ್ತೇನೆ ಎಂಬ ಹುಂಡಿಯನ್ನಾಗಲೀ (ಹಣ ಕೊಡಿ ಎಂಬ ಆದೇಶ ಪತ್ರ) ಪ್ರಾಮಿಸರಿ ನೋಟನ್ನಾಗಲೀ (ಹಣ ಕೊಡುವ ವಾಗ್ದಾನ ಪತ್ರ) ರಿಸರ್ವ್ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರ ಬಿಟ್ಟು ಬೇರೆಯವರು ಹೊರಡಿಸುವಂತಿಲ್ಲ. ಆದರೆ ಒಂದು ಸಂಸ್ಥೆ ತನ್ನದೇ ಸರಕು ಸೇವೆಗಳಿಗಾಗಿ ಮಾತ್ರ ಕೊಡುವ ಮುಂಗಡ ಚೀಟಿಗೆ ಅಲ್ಲಿ ಅನುಮತಿ ಬೇಕಿಲ್ಲ. ಅದೇ ಚೀಟಿಯನ್ನು ಹಲವು ವ್ಯಾಪಾರಿಗಳು ಸ್ವೀಕರಿಸತೊಡಗಿದರೆ ಅದು ಪಾವತಿ ವ್ಯವಸ್ಥೆಯಾಗುತ್ತದೆ, 2007ರ ಪಾವತಿ ವ್ಯವಸ್ಥೆಗಳ ಕಾಯಿದೆ ಎದುರಾಗುತ್ತದೆ. ಯುರೋಪಿಯನ್ ಒಕ್ಕೂಟದ 2009ರ ಇ-ಹಣ ನಿರ್ದೇಶನವೂ ಇಂಥದ್ದೇ ಗೆರೆ ಎಳೆಯುತ್ತದೆ. ಸೀಮಿತ ಜಾಲದೊಳಗೆ ಮಾತ್ರ ನಡೆಯುವುದಕ್ಕೆ ವಿನಾಯಿತಿ ಇದೆ. ಡಿಜಿಟಲ್ ಮಾಡಿದರೆ ಕಾನೂನು ಸಡಿಲವಾಗುತ್ತದೆ ಎಂಬ ನಂಬಿಕೆ ಹಲವರಿಗಿದೆ, ಅನುಭವ ಅದಕ್ಕೆ ತಿರುಗುಮುರುಗು. ಕಾಗದದ ಚೀಟಿಗಿಂತ ಮೊಬೈಲಿನ ಲೆಕ್ಕಕ್ಕೆ ನಿಯಮ ಹೆಚ್ಚು.

ಮೂರನೆಯದು ರೂಪ. ಅಮೆರಿಕದಲ್ಲಿ ಖಾಸಗಿಯವರು ಕಾಗದದ ಚೀಟಿ ಹೊರಡಿಸಬಹುದು, ಹಣವಾಗಿ ಚಲಾಯಿಸಲು ಲೋಹದ ನಾಣ್ಯ ಟಂಕಿಸುವಂತಿಲ್ಲ. ಲಿಬರ್ಟಿ ಡಾಲರ್ ಎಂಬ ಬೆಳ್ಳಿ ಬಿಲ್ಲೆಗಳನ್ನು ಹೊರಡಿಸಿದ ಬರ್ನಾರ್ಡ್ ವಾನ್ ನಾಟ್‌ಹೌಸ್ 2011ರಲ್ಲಿ ಅಪರಾಧಿ ಎಂದು ತೀರ್ಪಾದದ್ದು ಅವು ಸರ್ಕಾರಿ ನಾಣ್ಯವನ್ನು ಹೋಲುತ್ತಿದ್ದ ಕಾರಣಕ್ಕೂ ಸೇರಿ. ಆದ್ದರಿಂದ ನಾಣ್ಯದ ಆಸೆ ಬಿಡಿ. ರಾಷ್ಟ್ರೀಯ ಹಣದ ಚಿಹ್ನೆ, ಅಳತೆ, ಬಣ್ಣ ಯಾವುದನ್ನೂ ಮುಟ್ಟಬೇಡಿ.

ಕೀನ್ಯಾದಲ್ಲಿ 2013ರಲ್ಲಿ ಮೊಂಬಾಸಾದ ಒಂದು ಬಡ ಬಡಾವಣೆಯಲ್ಲಿ ಬಾಂಗ್ಲಾ-ಪೆಸಾ ಎಂಬ ಚೀಟಿ ಬಂದಾಗ ಸಂಘಟಕರನ್ನೇ ಬಂಧಿಸಲಾಯಿತು. ಸಣ್ಣ ವ್ಯಾಪಾರಿಗಳ ಪರಸ್ಪರ ಸಾಲದ ಚೀಟಿ ಪೊಲೀಸರ ಕಣ್ಣಿಗೆ ಖೋಟಾ ನೋಟಿನಂತೆ ಕಂಡಿತ್ತು. ಕೆಲವು ತಿಂಗಳಲ್ಲಿ ಆರೋಪ ಕೈಬಿಟ್ಟರು, ಅದೇ ತಂಡದ ಕೆಲಸ ಮುಂದೆ ಸರಾಫು ಎಂಬ ಡಿಜಿಟಲ್ ಹಣವಾಗಿ ಬೆಳೆಯಿತು. ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ 1998ರಲ್ಲಿ ಹುಟ್ಟಿದ ಪಾಲ್ಮಾಸ್ ಸಮುದಾಯ ಬ್ಯಾಂಕಿಗೂ ಕೇಂದ್ರ ಬ್ಯಾಂಕಿನ ತಕರಾರು ಎದುರಾಗಿತ್ತು, ನಂತರ ಮಾತುಕತೆಯಾಗಿ ಅದೇ ಮಾದರಿ ದೇಶದ ಇತರ ಕಡೆಗೆ ಹರಡಿತು. ಫ್ರಾನ್ಸ್ ಮಾತ್ರ ನೇರವಾಗಿ ಕಾನೂನಿನಲ್ಲೇ ಬಾಗಿಲು ತೆರೆಯಿತು. 2014ರ ಜುಲೈ 31ರ ಕಾಯಿದೆ ಸ್ಥಳೀಯ ಪೂರಕ ಹಣಕ್ಕೆ ಮಾನ್ಯತೆ ಕೊಟ್ಟು, ಅದನ್ನು ಹೊರಡಿಸುವ ಸಂಸ್ಥೆಯ ಏಕೈಕ ಉದ್ದೇಶ ಅದೇ ಆಗಿರಬೇಕು ಎಂಬ ಷರತ್ತು ಹಾಕಿತು. ಬಾಸ್ಕ್ ಪ್ರದೇಶದ ಯೂಸ್ಕೊ ಎಂಬ ಸ್ಥಳೀಯ ಹಣ ಅದರಡಿ ಬೆಳೆದಿದೆ. ನಿಮ್ಮ ದೇಶದಲ್ಲಿ ಅಂಥ ಕಾಯಿದೆ ಇಲ್ಲದಿದ್ದರೂ ಫ್ರಾನ್ಸಿನ ಆ ಷರತ್ತನ್ನು ಎರವಲು ತೆಗೆದುಕೊಳ್ಳಿ. ಚೀಟಿ ಹೊರಡಿಸುವ ಸಂಘ ಬೇರೆ ವ್ಯಾಪಾರ ಮಾಡಬಾರದು.

ನಾಲ್ಕನೆಯದು ಸಂಬಳ. ಕೆಲಸಗಾರರಿಗೆ ಚೀಟಿಯಲ್ಲಿ ಸಂಬಳ ಕೊಡುವುದಕ್ಕೆ ಹಲವು ದೇಶಗಳಲ್ಲಿ ನಿರ್ಬಂಧವಿದೆ, ಅದರ ಹಿಂದಿನ ಕಾರಣ ನ್ಯಾಯವಾದದ್ದು. ಗಣಿ, ಕಾರ್ಖಾನೆಗಳ ಮಾಲೀಕರು ತಮ್ಮದೇ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿಯನ್ನು ಕೂಲಿಯಾಗಿ ಕೊಟ್ಟು ಕೆಲಸಗಾರರನ್ನು ಸಾಲದಲ್ಲಿ ಕಟ್ಟಿಹಾಕುತ್ತಿದ್ದರು. ಬ್ರಿಟನ್ನಿನಲ್ಲಿ 1831ರ ಟ್ರಕ್ ಕಾಯಿದೆ ಬಂದದ್ದು ಅದನ್ನು ತಡೆಯಲು. ‘ನಾವು ಒಳ್ಳೆಯವರು, ನಮಗೇಕೆ ಈ ನಿಯಮ’ ಎನ್ನುವವರಿಗೆ ನಾನು ಈ ಇತಿಹಾಸ ಹೇಳುತ್ತೇನೆ. ಬ್ರಿಸ್ಟಲ್‌ನ ಮೇಯರ್ ತಾವಾಗಿ ಕೇಳಿ ಪಡೆಯುವುದು ಬೇರೆ, ಕಸ ಗುಡಿಸುವವರಿಗೆ ಆಯ್ಕೆಯಿಲ್ಲದೆ ಕೊಡುವುದು ಬೇರೆ.

ಐದನೆಯದು ತೆರಿಗೆ. ಚೀಟಿಯಲ್ಲಿ ಬಂದರೂ ವ್ಯಾಪಾರದ ಆದಾಯ ಆದಾಯವೇ. ವಿನಿಮಯ ಕೂಟಗಳು ಸದಸ್ಯರ ವಹಿವಾಟನ್ನು ವರದಿ ಮಾಡಬೇಕೆಂದು ಅಮೆರಿಕ 1982ರಲ್ಲಿ ಕಾಯಿದೆ ಮಾಡಿತು. ಭಾರತದ ಜಿಎಸ್‌ಟಿ ಕಾಯಿದೆಯಲ್ಲಿ ಮಾರಾಟದ ಜೊತೆಗೆ ಸಾಟಿ ವಿನಿಮಯದ ಹೆಸರೂ ಇದೆ. ಅಮೆರಿಕದಲ್ಲಿ ಸಮಯದ ಕೂಟಗಳಿಗೆ ವಿನಾಯಿತಿ ಸಿಕ್ಕಿದೆ, ಏಕೆಂದರೆ ಅಲ್ಲಿ ಒಂದು ಗಂಟೆ ಕೊಟ್ಟವರಿಗೆ ಒಂದು ಗಂಟೆಯನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯುವ ಹಕ್ಕಿಲ್ಲ. ಕೊಟ್ಟ ಮಾತಿನ ತೂಕ ಕಡಿಮೆ, ತೆರಿಗೆಯೂ ಇಲ್ಲ. ವ್ಯಾಪಾರಿ ಸದಸ್ಯರಿಗೆ ಮೊದಲ ಸಭೆಯಲ್ಲೇ ಒಂದು ವಿಷಯ ಹೇಳಿ: ಆದಾಯ, ಮಾರಾಟಗಳ ಮೇಲಿನ ಈ ತೆರಿಗೆಯನ್ನು ರಾಷ್ಟ್ರೀಯ ಹಣದಲ್ಲೇ ಕಟ್ಟಬೇಕು, ಆದ್ದರಿಂದ ಪ್ರತಿ ಬಿಲ್ಲಿನಲ್ಲೂ ಒಂದು ಪಾಲು ನಗದು ಪಡೆಯಿರಿ.

ಹಿಂಬದಿಯ ಬರಹ

ಮೇಲಿನದನ್ನೆಲ್ಲ ಅರಗಿಸಿಕೊಂಡು ನಾನು ಬರೆಸುವ ಕರಡು ಹೀಗಿರುತ್ತದೆ. ವಕೀಲರಿಗೆ ತೋರಿಸಿ ತಿದ್ದಿಸಿಕೊಳ್ಳಿ:

‘ಈ ಚೀಟಿಯನ್ನು ಸಂಘದ ಸದಸ್ಯರು ತಮ್ಮ ಸರಕು ಮತ್ತು ಸೇವೆಗಳಿಗೆ ಬದಲಾಗಿ ಸ್ವಂತ ಇಚ್ಛೆಯಿಂದ ಸ್ವೀಕರಿಸುತ್ತಾರೆ. ಇದು ಸರ್ಕಾರಿ ಹಣವಲ್ಲ. ತಂದವರಿಗೆ ನಗದು ಕೊಡುವ ವಾಗ್ದಾನ ಇದರಲ್ಲಿಲ್ಲ. ನೋಂದಾಯಿತ ವ್ಯಾಪಾರಿ ಸದಸ್ಯರು ಸಂಘದ ನಿಯಮಗಳ ಪ್ರಕಾರ ಇದನ್ನು ಹಿಂದಿರುಗಿಸಬಹುದು. ಇಂಥ ದಿನಾಂಕದ ನಂತರ ಸಲ್ಲುವುದಿಲ್ಲ.’

ಕೆಳಗೆ ಸಂಘದ ಹೆಸರು, ವಿಳಾಸ, ಕ್ರಮಸಂಖ್ಯೆ. ದಿನಾಂಕ ಬಿಡಬೇಡಿ. ಅವಧಿ ಮುಗಿಯುವ ಚೀಟಿಯನ್ನು ಖೋಟಾ ಮಾಡುವ ಹುಮ್ಮಸ್ಸು ಯಾರಿಗೂ ಇರುವುದಿಲ್ಲ, ಮುಂದೆ ಮುಚ್ಚುವಾಗಲೂ ಅದೇ ಕಾಪಾಡುತ್ತದೆ. ಬರಹದಲ್ಲಿ ನಗದಿಲ್ಲ ಎಂದು ಬರೆದು, ಬಾಯಿಮಾತಿನಲ್ಲಿ ‘ಬೇಕಾದಾಗ ಬನ್ನಿ, ಹಣ ಕೊಡುತ್ತೇವೆ’ ಎಂದು ಹೇಳಿಕೊಂಡು ತಿರುಗಿದರೆ ಮಾತ್ರ ಈ ಹಿಂಬದಿ ನಿಮ್ಮನ್ನು ಉಳಿಸುವುದಿಲ್ಲ. ಸಂಘದ ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದ, ಕರಪತ್ರದಲ್ಲಿ ‘ಠೇವಣಿ’, ‘ಬಡ್ಡಿ’ ಎಂಬ ಪದಗಳು ಬೇಡ. ಬಹಳಷ್ಟು ದೇಶಗಳಲ್ಲಿ ಅವು ಪರವಾನಗಿ ಇದ್ದವರ ಪದಗಳು.

ಇಡುಗಂಟು

ನಗದು ಕೊಟ್ಟು ಕೊಳ್ಳುವ ಬಗೆಯಾದರೆ, ಬಂದ ಹಣ ಪ್ರತ್ಯೇಕ ಖಾತೆಯಲ್ಲಿ, ಇಬ್ಬರ ಸಹಿಯಿಲ್ಲದೆ ಅಲುಗದಂತೆ ಇರಬೇಕು. ಚಲಾವಣೆಯಲ್ಲಿರುವ ಚೀಟಿಗಳ ಮೊತ್ತ ಮತ್ತು ಖಾತೆಯ ಮೊತ್ತವನ್ನು ತಿಂಗಳಿಗೊಮ್ಮೆ ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ. ನಾನು ತಾಳೆ ನೋಡಿದ ಒಂದು ಕೂಟದಲ್ಲಿ ಖಜಾಂಚಿ ಭಿತ್ತಿಪತ್ರಗಳ ಖರ್ಚಿಗೆಂದು ಇಡುಗಂಟಿನಿಂದ ಸ್ವಲ್ಪ ತೆಗೆದಿದ್ದರು, ಮುಂದಿನ ವಾರ ತುಂಬಿಸುವ ಉದ್ದೇಶವಿತ್ತು. ಅದೇ ವಾರ ಒಬ್ಬ ವ್ಯಾಪಾರಿ ಕಟ್ಟು ಚೀಟಿ ಹಿಂದಿರುಗಿಸಲು ಬಂದರು. ‘ನಾಳೆ ಬನ್ನಿ’ ಎಂದದ್ದಷ್ಟೇ. ಸಂಜೆಯ ಹೊತ್ತಿಗೆ ಉಳಿದ ವ್ಯಾಪಾರಿಗಳೂ ಬಾಗಿಲಲ್ಲಿ ನಿಂತಿದ್ದರು. ನಷ್ಟವಾಗಿದ್ದ ಮೊತ್ತ ತೀರಾ ಚಿಕ್ಕದು, ಕೂಟ ಮಾತ್ರ ಮತ್ತೆ ಮೇಲೇಳಲಿಲ್ಲ. ಬ್ರಿಟನ್ನಿನ ಸ್ಥಳೀಯ ಹಣಗಳ ಬಗ್ಗೆ ಬ್ಯಾಂಕ್ ಆಫ್ ಇಂಗ್ಲೆಂಡ್ 2013ರಲ್ಲೇ ಹೇಳಿದ್ದು ಇದನ್ನೇ: ಇವು ಉಡುಗೊರೆ ಚೀಟಿಗಳಿದ್ದಂತೆ, ಬ್ಯಾಂಕ್ ನೋಟಿಗಿರುವ ರಕ್ಷಣೆ ಇವುಗಳನ್ನು ಹಿಡಿದವರಿಗಿಲ್ಲ.

ಪರಸ್ಪರ ಲೆಕ್ಕವಾದರೆ ಮಿತಿ ಹಾಕಿ

ಇಲ್ಲಿ ಇಡುಗಂಟಿಲ್ಲ, ಸದಸ್ಯರ ಮಾತೇ ಇಡುಗಂಟು. ಹೊಲಿಗೆಯವರು, ಸೈಕಲ್ ರಿಪೇರಿಯವರು, ಗಣಿತ ಹೇಳಿಕೊಡುವವರು ಮೂವರೂ ಸೊನ್ನೆಯಿಂದ ಶುರುಮಾಡುತ್ತಾರೆ ಎಂದುಕೊಳ್ಳಿ. ಹೊಲಿಗೆಯವರು ಗಣಿತದವರಿಗೆ 40 ಅಂಕದ ಬಟ್ಟೆ ಹೊಲಿದರು. ಸೈಕಲಿನವರು ಹೊಲಿಗೆಯವರಿಗೆ 25 ಅಂಕದ ರಿಪೇರಿ ಮಾಡಿದರು. ಗಣಿತದವರು ಸೈಕಲಿನವರ ಮಗಳಿಗೆ 30 ಅಂಕದ ಪಾಠ ಹೇಳಿದರು. ಈಗ ಹೊಲಿಗೆಯವರ ಖಾತೆಯಲ್ಲಿ 15 ಜಮಾ, ಸೈಕಲಿನವರಲ್ಲಿ 5 ಬಾಕಿ, ಗಣಿತದವರಲ್ಲಿ 10 ಬಾಕಿ. ಕೂಡಿದರೆ ಸೊನ್ನೆ. ದಿನದ ಕೊನೆಗೆ ಈ ಮೊತ್ತ ಸೊನ್ನೆ ಬರದಿದ್ದರೆ ಪುಸ್ತಕ ಮುಚ್ಚಬೇಡಿ, ತಪ್ಪು ಹುಡುಕಿ. 95 ಅಂಕದ ಕೆಲಸ ನಡೆದು ಹೋಯಿತು, ಯಾರ ಜೇಬಿನಿಂದಲೂ ನಗದು ಹೊರಬರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಆಕರ್ಷಣೆ ಈ ಮೂರು ಸಾಲಿನಲ್ಲಿದೆ.

ಎಷ್ಟು ಬಾಕಿಗೆ ಇಳಿಯಬಹುದು ಎಂಬ ಮಿತಿಯನ್ನು ಆ ಸದಸ್ಯರು ಕೂಟದೊಳಗೆ ತಿಂಗಳಿಗೆ ಎಷ್ಟು ಮಾರಬಲ್ಲರು ಎಂಬುದರ ಮೇಲೆ ಕಟ್ಟಿ. ಸ್ನೇಹದ ಮೇಲೆ ಕಟ್ಟಬೇಡಿ. ಜಮಾಕ್ಕೂ ಒಂದು ಮಿತಿ ಬೇಕು, ಇದನ್ನು ಬಹುತೇಕರು ಮರೆಯುತ್ತಾರೆ. ಒಬ್ಬರ ಜಮಾ ಬೆಟ್ಟವಾದರೆ ಉಳಿದವರೆಲ್ಲ ಬಾಕಿಯ ಹಳ್ಳದಲ್ಲಿರುತ್ತಾರೆ. ಬಾಕಿ ಉಳಿಸಿಕೊಂಡು ಊರು ಬಿಟ್ಟವರ ಅಂಕವನ್ನು ಯಾರು ಹೊರುತ್ತಾರೆ ಎಂದು ಮೊದಲೇ ಬರೆಯಿರಿ. ಪ್ರತಿ ವಹಿವಾಟಿನಿಂದ ಚೂರು ಅಂಕ ಮುರಿದು ಮನ್ನಾ ಖಾತೆ ಇಟ್ಟುಕೊಳ್ಳುವುದು ನಾನು ಕಂಡ ಸರಳ ದಾರಿ.

ಕರಗುವ ಹಣದ ಬಗ್ಗೆ ಒಂದು ಮಾತು. ಜರ್ಮನ್ ಅರ್ಥಚಿಂತಕ ಸಿಲ್ವಿಯೊ ಗೆಸೆಲ್ ಅವರ ವಿಚಾರ ಓದಿದವರು ತಿಂಗಳಿಗಿಷ್ಟು ಬೆಲೆ ಇಳಿಯುವ ಚೀಟಿಯೇ ಬೇಕೆಂದು ಹಟ ಹಿಡಿಯುತ್ತಾರೆ. ವೋರ್ಗ್ಲ್‌ನಲ್ಲಿ ಅದು ನಡೆಯಿತು, ಪಟ್ಟಣವೇ ಕೂಲಿ ಕೊಡುತ್ತಿತ್ತು, ಪಟ್ಟಣವೇ ತೆರಿಗೆ ವಸೂಲು ಮಾಡುತ್ತಿತ್ತು. ಕೀಮ್‌ಗಾವರ್‌ನಲ್ಲಿಯೂ ಮೂರು ತಿಂಗಳಿಗೆ 2 ಪ್ರತಿಶತ ಇತ್ತು. ಅದೇ ವಿಚಾರದಿಂದ ಹುಟ್ಟಿದ ವೀರ್ ಮಾತ್ರ ಅದನ್ನು ಕೈಬಿಟ್ಟಿತು, ಇಂದಿಗೂ ಬದುಕಿದೆ. ಐವತ್ತು ಜನರ ಕೂಟಕ್ಕೆ ಸ್ಟಾಂಪು ಅಂಟಿಸುವ ಕಿರಿಕಿರಿ ಬೇಡ, ಕೊನೆಯ ದಿನಾಂಕ ಸಾಕು.

ಅಧಿಕಾರಿಗಳಿಗೆ ಪತ್ರ

ಮುದ್ರಣಕ್ಕೆ ಮುನ್ನ ಒಂದು ಪುಟದ ಪತ್ರ ಬರೆಯಿರಿ. ಯಾರು ಹೊರಡಿಸುತ್ತಾರೆ, ಎಷ್ಟು ಸದಸ್ಯರು, ಒಟ್ಟು ಮೊತ್ತದ ಮೇಲ್ಮಿತಿ ಎಷ್ಟು, ಇಡುಗಂಟು ಎಲ್ಲಿದೆ, ಯಾವಾಗ ಮುಗಿಯುತ್ತದೆ. ಸಿದ್ಧಾಂತ, ಜಾಗತೀಕರಣದ ವಿಮರ್ಶೆ ಯಾವುದೂ ಬೇಡ. ‘ಅನುಮತಿ ಕೊಡಿ’ ಎಂದು ಬರೆದರೆ ಉತ್ತರ ಬರುವುದು ತಡ, ಬಂದರೂ ‘ಇಲ್ಲ’ ಎನ್ನುವುದು ಅವರಿಗೆ ಸುಲಭ. ‘ಇಂಥ ನಿಯಮದ ವಿನಾಯಿತಿಯಲ್ಲಿ ನಾವು ಬರುತ್ತೇವೆ ಎಂಬುದು ನಮ್ಮ ತಿಳಿವಳಿಕೆ, ತಪ್ಪಿದ್ದರೆ ತಿಳಿಸಿ’ ಎಂದು ವಕೀಲರಿಂದ ಬರೆಸಿ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯನ್ನು ಜೋಪಾನವಾಗಿಡಿ. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ, ಮಾದರಿ ಚೀಟಿಯ ಜೊತೆಗೆ. ಮೊಂಬಾಸಾದ ಕಥೆ ಓದಿದ ಮೇಲೆ ಇದನ್ನು ನಾನು ಯಾರಿಗೂ ಬಿಡಲು ಬಿಡುವುದಿಲ್ಲ.

ಮುಚ್ಚುವ ನಿಯಮ

ನಿಯಮಾವಳಿಯಲ್ಲಿ ಇದನ್ನು ಮೊದಲ ದಿನವೇ ಬರೆಯಬೇಕು, ಏಕೆಂದರೆ ಮುಚ್ಚುವ ಹೊತ್ತಿಗೆ ಯಾರ ಮನಸ್ಸೂ ಸರಿ ಇರುವುದಿಲ್ಲ. ಇಂಗ್ಲೆಂಡಿನ ಟಾಟ್ನೆಸ್ ಪೌಂಡ್ 2007ರಲ್ಲಿ ಶುರುವಾಗಿ 2019ರಲ್ಲಿ ನಿಂತಿತು, ಜನ ಕಾರ್ಡು ಮತ್ತು ಮೊಬೈಲ್ ಪಾವತಿಗೆ ಹೊರಳಿದ್ದರಿಂದ ಕಾಗದಕ್ಕೆ ಗಿರಾಕಿ ಕಡಿಮೆಯಾಗಿತ್ತು. ನಿಮ್ಮದೂ ಒಂದು ದಿನ ನಿಲ್ಲಬಹುದು.

ಹೊಸ ಚೀಟಿ ಕೊಡುವುದನ್ನು ನಿಲ್ಲಿಸಿ, ಆರು ತಿಂಗಳಿಗೆ ಕಡಿಮೆಯಿಲ್ಲದ ಗಡುವು ಪ್ರಕಟಿಸಿ. ಮೊದಲು ಖರ್ಚಿಗೆ ಅವಕಾಶ, ಆಮೇಲೆ ವ್ಯಾಪಾರಿಗಳು ಹಿಂದಿರುಗಿಸಲು ಅವಕಾಶ, ಆ ಅವಧಿಯಲ್ಲಿ ವಟ್ಟ ಮುರಿಯಬೇಡಿ. ಪರಸ್ಪರ ಲೆಕ್ಕವಾದರೆ ಬಾಕಿಯವರು ಕೆಲಸ ಮಾಡಿ ಸೊನ್ನೆಗೆ ಬರಲು ಸಮಯ ಕೊಡಿ, ಉಳಿದದ್ದನ್ನು ಮನ್ನಾ ಖಾತೆಯಿಂದ ಸರಿದೂಗಿಸಿ. ಬಂದ ಚೀಟಿಗಳನ್ನು ಕ್ರಮಸಂಖ್ಯೆಯ ಪಟ್ಟಿ ಮಾಡಿ, ಇಬ್ಬರು ಸಾಕ್ಷಿಗಳ ಎದುರು ಹರಿದು, ಸಹಿ ಪಡೆಯಿರಿ. ಕೆಲವು ಚೀಟಿಗಳು ಬರುವುದೇ ಇಲ್ಲ. ಸಂಗ್ರಾಹಕರು ಇಟ್ಟುಕೊಂಡಿರುತ್ತಾರೆ, ಪ್ರವಾಸಿಗರು ನೆನಪಿಗೆಂದು ಕೊಂಡೊಯ್ದಿರುತ್ತಾರೆ. ಅವುಗಳ ಬದಲಿಗೆ ಇಡುಗಂಟಿನಲ್ಲಿ ಉಳಿಯುವ ಹಣ ಯಾವ ಸಂಸ್ಥೆಗೆ ಹೋಗಬೇಕೆಂದು ಹೆಸರು ಹಾಕಿ ಬರೆದಿರಬೇಕು, ವಾರಸುದಾರರಿಲ್ಲದ ಹಣದ ಬಗ್ಗೆ ನಿಮ್ಮ ದೇಶದಲ್ಲಿ ಬೇರೆ ನಿಯಮವಿದೆಯೇ ಎಂದೂ ಕೇಳಿಕೊಳ್ಳಿ. ಗಡುವು ಮುಗಿಯುವ ದಿನದವರೆಗೆ ಆ ಮೊತ್ತ ಬಾಕಿಯ ಪಟ್ಟಿಯಲ್ಲೇ ಇರಲಿ, ಆದಾಯದ ಪಟ್ಟಿಗೆ ಏರಿಸಬೇಡಿ.